ಒಂದೇ ರಕ್ತ, ಎರಡು ಅಂಕಿ

ಮಾರ್ಚ್ 4, ಮಂಗಳವಾರ. ಬೆಳಗ್ಗೆ 7.40

ಲ್ಯಾಬಿನ ಯಂತ್ರಕ್ಕೆ ಕಂಟ್ರೋಲ್, ಅಂದರೆ ಅಂಕಿ ಮೊದಲೇ ಗೊತ್ತಿರುವ ದ್ರವ, ಹಾಕಿ ನೋಡಿದೆ. ಸೋಡಿಯಂ ಸರಿ, ಪೊಟ್ಯಾಸಿಯಂ ಸರಿ. ಯಂತ್ರದ ಮೇಲೆ ತಪ್ಪು ಹೊರಿಸಲು ಇವತ್ತೂ ದಾರಿಯಿಲ್ಲ. ಟೆಕ್ನಿಷಿಯನ್ ಇನ್ನೂ ಬಂದಿಲ್ಲ. ಬಸ್ಸು ಅವನಿಗೆ ತಪ್ಪಿತೋ, ಅವನು ಬಸ್ಸಿಗೆ ತಪ್ಪಿಸಿಕೊಂಡನೋ.

ನಿನ್ನೆಯದು ತಲೆಯಿಂದ ಇಳಿಯುತ್ತಿಲ್ಲ. ಬರೆದುಬಿಡುವುದು ಮೇಲು.

ಐಸಿಯು ಆರನೇ ಹಾಸಿಗೆಯ ಅಜ್ಜ. ಹಿಂದಿನ ಸಂಜೆ ತೆಗೆದ ರಕ್ತ ನಿನ್ನೆ ಬೆಳಗ್ಗೆ ನಮ್ಮಲ್ಲಿಗೆ ಬಂತು. ಪೊಟ್ಯಾಸಿಯಂ 6.1. ಅಷ್ಟಿದ್ದರೆ ಹೃದಯ ಯಾವ ಗಳಿಗೆಯಲ್ಲಾದರೂ ತಾಳ ತಪ್ಪಬಹುದು. ನಾನೇ ಮೇಲಕ್ಕೆ ಫೋನ್ ಮಾಡಿದೆ. ಅದನ್ನು ಇಳಿಸಲು ಡ್ಯೂಟಿ ಡಾಕ್ಟರು ಇನ್ಸುಲಿನ್, ಗ್ಲೂಕೋಸ್ ಬರೆದರು. ದೊಡ್ಡ ಸಿಸ್ಟರ್ ಕೊಡಲಿಲ್ಲ! ಐಸಿಯುವಿನ ಹಿರಿಯ ನರ್ಸ್, ಇಡೀ ಮಹಡಿ ಹೆದರುವ ಹೆಂಗಸು. ಹಾಸಿಗೆ ಪಕ್ಕದ ಪುಟ್ಟ ಯಂತ್ರ ಅದೇ ಸಂಜೆ, ಅದೇ ರಕ್ತಕ್ಕೆ 4.4 ತೋರಿಸಿತ್ತಂತೆ. "ಇನ್ನೊಂದು ಸಲ ತೆಗೆದು ನೋಡೋಣ" ಎಂದರಂತೆ. ಮತ್ತೆ ಸೂಜಿ ಹಾಕುವ ಹೊತ್ತಿಗೆ ಅಜ್ಜ ಹೋಗಿಯಾಗಿತ್ತು.

ಸಂಜೆಯೊಳಗೆ ಸಿಸ್ಟರ್ ಸಸ್ಪೆಂಡ್. ಆಗಲೇಬೇಕು. ಎರಡು ತೊಟ್ಟು ರಕ್ತ ನೆಕ್ಕಿ ಎರಡು ನಿಮಿಷದಲ್ಲಿ ಚೀಟಿ ಉಗುಳುವ ಆಟದ ಸಾಮಾನು ಅದು. ಅದನ್ನು ನಂಬಿ ಲ್ಯಾಬಿನ ಅಂಕಿಯನ್ನು ಪಕ್ಕಕ್ಕಿಡುವುದೇ? ಕುಣಿಯಲಾರದವಳಿಗೆ ನೆಲ ಡೊಂಕು.

ಸಿಟ್ಟು ಇಳಿದಿಲ್ಲ. ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಮಾರ್ಚ್ 5, ಬುಧವಾರ

ದಶಾಂಶ ಸಾಹೇಬರು ಕರೆದರು. ನಮ್ಮ ಮುಖ್ಯಸ್ಥರು. ಮದುವೆ ಊಟ ಹೇಗಿತ್ತು ಅಂದರೂ ಏಳು ಪಾಯಿಂಟ್ ಎರಡು ಐದು ಅನ್ನುವ ಮನುಷ್ಯ, ಅದಕ್ಕೇ ಆ ಹೆಸರು.

"ಮೇಡಂ, ವಿಚಾರಣಾ ಸಮಿತಿ ಒಂದು ಹೋಲಿಕೆ ಕೇಳಿದೆ. ಬೆಡ್‌ಸೈಡ್ ಮೆಷಿನ್ನು, ನಮ್ಮ ಮೆಷಿನ್ನು. ಅದೇ ರಕ್ತ ಎರಡಕ್ಕೂ ಹಾಕಿ. ಎಷ್ಟು ವ್ಯತ್ಯಾಸ ಬರುತ್ತೆ ನೋಡಿ ಬರೆದುಕೊಡಿ. ಬರೋ ತಿಂಗಳು ಇನ್ಸ್‌ಪೆಕ್ಷನ್ ಬೇರೆ ಇದೆ."

"ಏನು ಬರುತ್ತೆ ಅಂತ ಅಂದ್ಕೊಂಡಿದ್ದೀರಿ ಸರ್?"

"ನೀವೇನು ಅಂದ್ಕೊಂಡಿದ್ದೀರೋ ಅದೇ."

ಇಬ್ಬರೂ ನಕ್ಕೆವು. ಆ ನಗು ನನ್ನದೂ ಆಗಿತ್ತು, ಬರೆದಿಡಬೇಕು.

ಮಾರ್ಚ್ 7, ಶುಕ್ರವಾರ. ಸಂಜೆ

ವಿಚಿತ್ರ. ಬೆಳಗಿನ ರಕ್ತಕ್ಕೆ ಎರಡು ಯಂತ್ರಗಳೂ ಅವಳಿ ಮಕ್ಕಳ ಹಾಗೆ. 3.9 – 4.0. 4.6 – 4.6. 5.1 – 5.0. ಆಟದ ಸಾಮಾನು ಎಂದು ಬೈದ ಬಾಯಿಗೆ ಬೀಗ.

ಸಂಜೆ ತೆಗೆದು, ಅಲ್ಲಿ ಆಗಲೇ ಅಳೆದು, ನಮ್ಮಲ್ಲಿಗೆ ಮರುದಿನ ಬೆಳಗ್ಗೆ ಬಂದ ರಕ್ತಕ್ಕೆ ಮಾತ್ರ ಜಗಳ. ಪ್ರತಿ ಜೋಡಿಯಲ್ಲೂ ನಮ್ಮದೇ ಹೆಚ್ಚು. ಪೊಟ್ಯಾಸಿಯಂ ಮಾತ್ರ. ಸೋಡಿಯಂ ತೆಪ್ಪಗೆ ಹೊಂದಿಕೊಂಡಿದೆ. ಯಂತ್ರ ಕೆಟ್ಟಿದ್ದರೆ ಹಗಲೂ ಕೆಟ್ಟಿರಬೇಕಲ್ಲ?

ಟೆಕ್ನಿಷಿಯನ್ ಹೇಳಿದ: "ಸಂಜೆ ರಕ್ತಕ್ಕೆ ಕೋಪ ಜಾಸ್ತಿ ಮೇಡಂ. ನಿಮ್ಮ ಥರ."

ಗದರಿದೆ. ಆಮೇಲೆ ನಗು ಬಂತು. ಆಮೇಲೆ ಮತ್ತೆ ಸಿಟ್ಟು.

ಮನೆಯಲ್ಲಿ ಪಾತ್ರೆ ತೊಳೆಯುವಾಗ ಸದ್ದಾಯಿತಂತೆ. ಅತ್ತೆ ಕೋಣೆಯಿಂದಲೇ: "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ನಮ್ಮನೇಲಿ ಕೊತ್ತೀನೂ ಇಲ್ಲ. ಆ ಪಾತ್ರೆ ಏನೇ ಪಾಪ ಮಾಡಿತ್ತು?"

"ನಿಮ್ಮ ಮೇಲಲ್ಲ ಅತ್ತೆ."

"ಗೊತ್ತು. ನನ್ನ ಮೇಲಾಗಿದ್ರೆ ಇಷ್ಟು ಮೆತ್ತಗೆ ತೊಳೀತಿರಲಿಲ್ಲ."

ಇವರು ಪೇಪರಿನ ಹಿಂದೆ ಅಡಗಿ ನಗುತ್ತಿದ್ದರು. ಪೇಪರು ಅಲ್ಲಾಡುತ್ತಿತ್ತು.

ಮಾರ್ಚ್ 11, ಮಂಗಳವಾರ. ಬೆಳಗ್ಗೆ 9

ಸಿಕ್ಕಿತು. ಸಿಗಬಾರದಿತ್ತು ಅನ್ನಿಸುವಷ್ಟು ಸುಲಭವಾಗಿ ಸಿಕ್ಕಿತು.

ಇವತ್ತು ಟ್ಯೂಬುಗಳು ಕೆಳಗಿಳಿಯುವ ತನಕ ಕಾಯಲಿಲ್ಲ. ನಾನೇ ಐಸಿಯುವಿನ ಮೆಟ್ಟಿಲು ಹತ್ತಿದೆ. ಸಂಜೆಯ ಸ್ಯಾಂಪಲ್ ಎಲ್ಲಿ ಎಂದು ಕೇಳಿದೆ. ಆಯಾ ಔಷಧಿಯ ಫ್ರಿಜ್ ತೆರೆದಳು. ಇನ್ಸುಲಿನ್ ಬಾಟಲಿಗಳು, ಯಾರದೋ ಊಟದ ಡಬ್ಬಿ, ಅರ್ಧ ನಿಂಬೆಹಣ್ಣು. ಮೂಲೆಯಲ್ಲಿ ಒಂದು ಸ್ಟೀಲ್ ಲೋಟ. ಲೋಟದಲ್ಲಿ ಟ್ಯೂಬುಗಳು, ಹೂದಾನಿಯಲ್ಲಿಟ್ಟ ಹಾಗೆ.

"ಇದ್ಯಾಕೆ ಇಲ್ಲಿಟ್ಟಿದ್ದೀರಿ?"

"ಹಾಳಾಗಬಾರದಲ್ವಾ ಮೇಡಂ? ರಾತ್ರಿಯೆಲ್ಲ ಹೊರಗಿದ್ರೆ ಹಾಲೇ ಒಡೆಯುತ್ತೆ, ರಕ್ತ ಬಿಡುತ್ತಾ?"

"ಯಾರು ಹೇಳಿದ್ದು?"

"ದೊಡ್ಡ ಸಿಸ್ಟರ್. ರಾತ್ರಿ ಲ್ಯಾಬ್ ಮುಚ್ಚಿದ ಮೇಲೆ ಇದೇ ಪದ್ಧತಿ. ಲೋಟಾನೂ ಅವರದ್ದೇ, ಮನೆಯಿಂದ ತಂದಿಟ್ಟದ್ದು. ಬಿದ್ದು ಒಡೆದರೆ ರೋಗಿಗೆ ಇನ್ನೊಂದ್ಸಲ ಚುಚ್ಚಬೇಕಲ್ಲ ಅಂತ."

ಒಂದು ಟ್ಯೂಬ್ ಕೈಗೆ ತೆಗೆದುಕೊಂಡೆ. ತಣ್ಣಗೆ. ಎಷ್ಟು ದಿನದಿಂದ ಈ ತಣ್ಣಗಿನ ಟ್ಯೂಬುಗಳನ್ನು ಇದೇ ಅಂಗೈಯಲ್ಲಿ ಹಿಡಿದಿದ್ದೇನೆ! ಏಸಿಯ ತಂಪು ಅಂದುಕೊಂಡಿದ್ದೆ. ಏನೂ ಅಂದುಕೊಂಡಿರಲಿಲ್ಲ, ಅದೇ ನಿಜ.

ಪೊಟ್ಯಾಸಿಯಂ ಇರುವುದು ರಕ್ತಕಣದ ಒಳಗೆ. ಹೊರಗೆ ಸೋರಿದ್ದನ್ನು ಮತ್ತೆ ಒಳಗೆಳೆಯುವ ಪಂಪು ಕಣದ ಗೋಡೆಯಲ್ಲೇ ಇದೆ. ಚಳಿಗೆ ಅದು ಕೈಕಟ್ಟಿ ಕೂರುತ್ತದೆ. ಬೆಳಗಿನ ತನಕ ಸೋರುತ್ತಲೇ ಇರುತ್ತದೆ. ಕಣ ಒಡೆಯುವುದಿಲ್ಲ, ಮೇಲೆ ನಿಲ್ಲುವ ತಿಳಿ, ಸೀರಂ, ಕೆಂಪಾಗುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ತಿಳಿನೀರಿನಂಥ ಸುಳ್ಳು. ಎಂ.ಎಸ್ಸಿ.ಯಲ್ಲಿ ಇದನ್ನು ಓದಿ ಬರೆದು ಅಂಕ ತೆಗೆದುಕೊಂಡವಳು ನಾನು. ಓದಿದ್ದು ಕೆಳಮಹಡಿಯಲ್ಲಿತ್ತು, ಫ್ರಿಜ್ ಮೇಲ್ಮಹಡಿಯಲ್ಲಿತ್ತು.

ಅಂದರೆ ಆ ಪುಟ್ಟ ಯಂತ್ರ ಹೇಳಿದ್ದೇ ಸರಿ. 4.4. ದೊಡ್ಡ ಸಿಸ್ಟರ್ ಮಾಡಿದ್ದೇ ಸರಿ.

ಮಾರ್ಚ್ 12, ಬುಧವಾರ. ಬೆಳಗ್ಗೆ 8.30

ಅನುಮಾನಕ್ಕೆ ಎಡೆ ಬೇಡ ಎಂದು ನಿನ್ನೆ ಸಂಜೆ ನನ್ನದೇ ತೋಳು ಚಾಚಿದೆ. ಟೆಕ್ನಿಷಿಯನ್ ಪಟ್ಟಿ ಬಿಗಿದು, "ಕವಿತೆ ಓದೋರ ರಕ್ತ ನೀಲಿ ಇರುತ್ತೇನೋ ಅಂದ್ಕೊಂಡಿದ್ದೆ" ಅಂದ. ಒಂದೇ ಸೂಜಿ, ಎರಡು ಟ್ಯೂಬು. ಒಂದನ್ನು ಹೆಪ್ಪುಗಟ್ಟಿದ ತಕ್ಷಣ ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ, ಸೀರಂ ಬೇರ್ಪಡಿಸಿ ಅಳೆದೆವು. 4.2. ಇನ್ನೊಂದು ಫ್ರಿಜ್ಜಿಗೆ.

ಈಗ ಅಳೆದೆ. 5.9.

ಈ ಅಂಕಿಯ ಪ್ರಕಾರ ನಾನು ಈ ಹೊತ್ತು ಕುರ್ಚಿಯಲ್ಲಿ ಕೂತು ಬರೆಯುತ್ತಿರಬಾರದು, ಎದೆಗೆ ವೈರು ಅಂಟಿಸಿಕೊಂಡು ಮಲಗಿರಬೇಕು. ಟೆಕ್ನಿಷಿಯನ್ ತಮಾಷೆ ಮಾಡಲಿಲ್ಲ. "ಮೇಡಂ, ಹಾಗಾದ್ರೆ ನಾವು ಇಷ್ಟು ದಿನ..." ಎಂದವನು ಸಿಂಕಿನ ಹತ್ತಿರ ಹೋಗಿ ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ.

ಅದೇ ದಿನ, ಸಂಜೆ

ದಶಾಂಶ ಸಾಹೇಬರ ಮೇಜಿನ ಮೇಲೆ ಎರಡು ಅಂಕಿಗಳನ್ನೂ ಇಟ್ಟೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಸಂಜೆ ಸ್ಯಾಂಪಲ್ಲುಗಳನ್ನ ಹೋಲಿಕೆಯಿಂದ ತೆಗೆದುಬಿಡಿ ಮೇಡಂ. ಬೆಳಗಿನದು ಮಾತ್ರ ಇಟ್ಟರೆ ಎರಡು ಮೆಷಿನ್ನೂ ಒಂದೇ ಅಂತ ಬರುತ್ತೆ. ಯಾರಿಗೂ ನೋವಿಲ್ಲ."

"ಸಿಸ್ಟರಿಗೆ?"

"ಅವರದ್ದು ಶಿಸ್ತಿನ ವಿಷಯ. ಅಂಕಿ ವಿಷಯ ಅಲ್ಲ. ಡಾಕ್ಟರು ಬರೆದದ್ದನ್ನ ಕೊಡಲಿಲ್ಲ."

"ಕೊಟ್ಟಿದ್ದರೆ ಸರ್? ಇಲ್ಲದ ಪೊಟ್ಯಾಸಿಯಂ ಇಳಿಸೋಕೆ ಇನ್ಸುಲಿನ್ ಕೊಟ್ಟಿದ್ದರೆ? ಅಜ್ಜ ಹೋದದ್ದು ಪೊಟ್ಯಾಸಿಯಂನಿಂದಲ್ಲ, ಮೊದಲೇ ಸೋತಿದ್ದ ಹೃದಯದಿಂದ. ಕೊಟ್ಟಿದ್ದರೆ ಕೊಂದವರು ನಾವಾಗ್ತಿದ್ವಿ."

"ಕೊಡಲಿಲ್ಲವಲ್ಲ. ಹಾಗಾಗಿ ಆಗಲಿಲ್ಲ."

ಇಂಥ ತರ್ಕಕ್ಕೆ ಏನನ್ನುವುದು? ಲ್ಯಾಬಿನ ರಾತ್ರಿ ಪಾಳಿ ತೆಗೆದದ್ದು ಇವರೇ. "ಬೆಳಗ್ಗೆ ಒಟ್ಟಿಗೆ ಕಳಿಸಿ, ನೋಡ್ಕೋತೀವಿ" ಅಂದದ್ದು ಇವರೇ. ಅಲ್ಲಿಯವರೆಗೆ ಹೇಗಿಡಬೇಕು ಅಂತ ಒಬ್ಬರಾದರೂ ಮೇಲೆ ಹತ್ತಿ ಹೇಳಲಿಲ್ಲ. ಅದನ್ನೇ ಹೇಳಿದೆ. ದನಿ ಏರಿತು, ಹೊರಗೆ ಟೈಪಿಂಗ್ ನಿಂತಿತು.

ಅವರ ದನಿ ಮಾತ್ರ ಇಳಿಯಿತು. "ಸರಿ, ಬರೀರಿ. ಫ್ರಿಜ್ಜಲ್ಲಿ ಇಟ್ಟವರು ಯಾರು ಅಂತಾನೂ ಬರೀಬೇಕಾಗುತ್ತೆ, ಅಲ್ವಾ? ಲೋಟ ಯಾರದ್ದು ಅಂತ ನಾನೂ ವಿಚಾರಿಸಿದೀನಿ. ಈಗಿರೋದು ಆಜ್ಞೆ ಮೀರಿದ ಆರೋಪ ಒಂದೇ. ನೀವು ಬರೆದ್ರೆ ಎರಡಾಗುತ್ತೆ. ಸಂಜೆದು ತೆಗೆದು ಸೈನ್ ಹಾಕಿ, ನಾನು ಸಮಿತಿಗೆ ಒಂದು ಮಾತು ಹೇಳ್ತೀನಿ. ಎಚ್ಚರಿಕೆ ಕೊಟ್ಟು ಕೆಲಸಕ್ಕೆ ವಾಪಸ್ ತಗೋತಾರೆ. ಉಂಡ ಮನೆಗೆ ಎರಡು ಬಗೀಬೇಡಿ."

"ಉಂಡದ್ದು ಉಪ್ಪು ಸರ್. ಎಲ್ಲರೂ ನೀರು ಕುಡೀಲೇಬೇಕು."

ಹೇಳಿ ಎದ್ದು ಬಂದೆ. ಮಾತು ಚೆನ್ನಾಗಿತ್ತು. ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಆಕೆಗೆ ಕೆಲಸ ಉಳಿಯುತ್ತದೆ. ನಿಜ ಬರೆದರೆ ಹೋಗಬಹುದು. ಇದೆಂಥ ತಕ್ಕಡಿ?

ಮಾರ್ಚ್ 13, ಗುರುವಾರ. ಬಸ್ಸಿನಲ್ಲಿ

ಕವಿತೆ ಪುಸ್ತಕ ತೆರೆದೆ. ಕಣ್ಣೀರಿನ ಉಪ್ಪಿನ ಮೇಲೆ ಏನೋ ಇತ್ತು. ಮುಚ್ಚಿದೆ. ಉಪ್ಪನ್ನು ಅಳೆದು ಹೊಟ್ಟೆ ಹೊರೆಯುವವಳಿಗೆ ಉಪ್ಪಿನ ಕವಿತೆ ಸೇರುವುದಿಲ್ಲ, ಇವತ್ತಂತೂ ಇಲ್ಲ. ಕವಿತೆಯಲ್ಲಿ ಒಂದು ಮಾತು ಎರಡು ಅರ್ಥ ಕೊಟ್ಟರೆ ಕಣ್ಣರಳಿಸುತ್ತೇನೆ. ಒಂದೇ ರಕ್ತ ಎರಡು ಅಂಕಿ ಕೊಟ್ಟಾಗ ದೊಡ್ಡ ಯಂತ್ರದ್ದೇ ನಿಜ ಎಂದೆ. ದೊಡ್ಡದು ಎಂಬ ಒಂದೇ ಕಾರಣಕ್ಕೆ.

ಮಾರ್ಚ್ 17, ಸೋಮವಾರ

ಮೂರು ದಿನ ಹೊಯ್ದಾಡಿದೆ. ನಿನ್ನೆ ದೊಡ್ಡ ಸಿಸ್ಟರ್ ಮನೆಗೆ ಹೋದೆ. ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲಲ್ಲೇ ನಿಲ್ಲಿಸಿದರು.

"ಬನ್ನಿ ಬನ್ನಿ, ಸಿಕ್ಸ್ ಪಾಯಿಂಟ್ ಒನ್ ಮೇಡಂ. ಫೋನಲ್ಲಿ ದನಿ ಕೇಳಿದ್ರೆ ಆಳು ದಪ್ಪ ಇರಬೇಕು ಅಂದ್ಕೊಂಡಿದ್ದೆ. ನೋಡಿದ್ರೆ ಕಡ್ಡಿ!"

ಒಳಗೆ ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮಿನ ಅಟ್ಟಿ. ತೆಗೆದು ನನಗೆ ಜಾಗ ಮಾಡಿದರು. ಕೆಲಸವಿಲ್ಲದಿದ್ದರೂ ಇಸ್ತ್ರಿ ಬಿಟ್ಟಿಲ್ಲ. ಗಂಡ ಇಲ್ಲ. ದೊಡ್ಡ ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಚಿಕ್ಕವಳು ಶಾಲೆ. ಇಡೀ ಮನೆ ನಿಂತಿರುವುದು ಇವರ ಎರಡು ಕಾಲಿನ ಮೇಲೆ.

ಹೇಳಿದೆ. ನಿಮ್ಮ ಅಂಕಿ ಸರಿ, ನಮ್ಮದು ತಪ್ಪು ಅಂದೆ. ಮುಖ ಅರಳಿತು. ಯಾಕೆ ತಪ್ಪಾಯಿತು ಎಂದೂ ಹೇಳಿದೆ. ಅರಳಿದ್ದು ಹಾಗೇ ನಿಂತು ಬಾಡಿತು.

"ಲೋಟ ನಂದು."

"ಗೊತ್ತು."

"ಕೆಡಬಾರದು ಅಂತ ಇಟ್ಟದ್ದು."

"ಗೊತ್ತು ಸಿಸ್ಟರ್."

"ಏನು ಗೊತ್ತು ನಿಮಗೆ?" ಒಮ್ಮೆಲೇ ಎದ್ದು ನಿಂತರು. "ಆ ಅಜ್ಜನಿಗೆ ನಾನು ಕೊಡಲಿಲ್ಲ. ಅವರು ಆರಾಮಾಗಿ ಮಾತಾಡ್ತಿದ್ರು, ಮಾನಿಟರ್ ಚೆನ್ನಾಗಿತ್ತು, ಮನಸ್ಸು ಒಪ್ಪಲಿಲ್ಲ. ಅದಕ್ಕೆ ಮುಂಚೆ? ಬೆಳಬೆಳಗ್ಗೆ ನೀವು ಫೋನ್ ಮಾಡ್ತಿದ್ರಿ, ಹೆಚ್ಚಿದೆ ಹೆಚ್ಚಿದೆ ಅಂತ. ಕೊಟ್ಟಿದೀನಿ ನಾನು. ಈ ಕೈಯಾರೆ. ಒಬ್ಬಮ್ಮನಿಗೆ ಸಕ್ಕರೆ ಇಳಿದು ಬೆವರಿ ತೊಪ್ಪೆಯಾಗಿ... ರೋಗದಿಂದ ಅಂದ್ಕೊಂಡ್ವಿ ಎಲ್ಲರೂ."

ಕೆಳಗೆ ಅಂಗಡಿಯವನು ಯಾರಿಗೋ ಜೋರಾಗಿ ಬೈಯುತ್ತಿದ್ದ. ಅದನ್ನೇ ಕೇಳುತ್ತ ಕೂತೆವು.

ಸಾಹೇಬರ ಚೌಕಾಸಿಯನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಸುಮ್ಮನಿದ್ದರೆ ನಿಮ್ಮ ಕೆಲಸ ಉಳಿಯುತ್ತದೆ ಅಂದೆ.

"ಫ್ರಿಜ್ಜು?"

"ಅದರಲ್ಲಿ ಟ್ಯೂಬ್ ಇಡೋದೂ ಉಳಿಯುತ್ತೆ. ಇನ್ಸ್‌ಪೆಕ್ಷನ್ ಮುಗಿಯೋ ತನಕವಾದರೂ. ನಿಲ್ಲಿಸಿದರೆ ಯಾಕೆ ನಿಲ್ಲಿಸಿದ್ರಿ ಅಂತ ಕೇಳ್ತಾರಲ್ಲ."

ನನ್ನನ್ನು ನೋಡಿದ ನೋಟ! ರೋಗಿಯ ಮಂಚದ ಮೇಲೆ ಕೂತ ನೆಂಟರನ್ನು ಹಾಗೆ ನೋಡಿ ಎಬ್ಬಿಸುತ್ತಾರಂತೆ.

"ಅಷ್ಟು ಓದಿದ್ದೀರಿ, ಇದನ್ನ ಕೇಳೋಕೆ ನನ್ನ ಮನೆ ಮೆಟ್ಟಿಲು ಹತ್ತಬೇಕಿತ್ತಾ? ಬರೀರಿ. ಲೋಟ ನಂದು ಅಂತಾನೂ ಬರೀರಿ. ಆದ್ರೆ ಅರ್ಧ ಬರೀಬೇಡಿ, ಪೂರ್ತಿ ಬರೀರಿ. ನಾನೊಬ್ಬಳೇ ಆ ಕಾಗದದಲ್ಲಿ ಇರಬಾರದು."

ಬಾಗಿಲ ತನಕ ಬಂದು, "ಟೀ ಕೊಡಲಿಲ್ಲ. ಕೊಡೋ ಮನಸ್ಸಿರಲಿಲ್ಲ" ಅಂದರು.

ಮಾರ್ಚ್ 20, ಗುರುವಾರ

ಕೊಟ್ಟೆ. ವರದಿಯಲ್ಲಿ ಸಂಜೆಯ ಪ್ರತಿ ಜೋಡಿಯೂ ಇದೆ. ನನ್ನ ತೋಳಿನ 4.2, 5.9 ಇದೆ. ಸಿಸ್ಟರ್ ಲೋಟವೂ ಇದೆ. ರಾತ್ರಿ ಪಾಳಿ ತೆಗೆದದ್ದು, ಹೇಗಿಡಬೇಕೆಂದು ಲ್ಯಾಬು ಯಾರಿಗೂ ಹೇಳದೇ ಇದ್ದದ್ದು ಇದೆ. ಹಿಂದಿನ ಬೆಳಗುಗಳಲ್ಲಿ ಚಿಕಿತ್ಸೆ ಪಡೆದವರನ್ನೆಲ್ಲ ಮತ್ತೆ ಪರಿಶೀಲಿಸಬೇಕು ಎಂದೂ ಇದೆ. ಸಾಹೇಬರು ಸೈನ್ ಹಾಕಲಿಲ್ಲ. ನಾನೊಬ್ಬಳೇ ಹಾಕಿ ಸಮಿತಿಗೆ ನೇರವಾಗಿ ಕೊಟ್ಟೆ.

ಅತ್ತೆಗೆ ಹೇಳಿದೆ. "ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಅಂಟಲ್ಲ, ಯೋಚನೆ ಮಾಡಿ ಕೊಟ್ಯಾ?" ಅಂದರು.

"ಮಾಡಿದೆ ಅತ್ತೆ."

"ಹಾಗಾದ್ರೆ ಊಟ ಮಾಡು."

ಏಪ್ರಿಲ್ 2, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಲ್ಯಾಬಿನಲ್ಲಿ ನನ್ನ ಜೊತೆ ಯಾರೂ ಮಾತಾಡುತ್ತಿಲ್ಲ, ಟೆಕ್ನಿಷಿಯನ್ ಒಬ್ಬನನ್ನು ಬಿಟ್ಟು. ಅವನೂ ಸೆಂಟ್ರಿಫ್ಯೂಜ್ ತಿರುಗುವಾಗ ಮಾತ್ರ. ಆ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸುವುದಿಲ್ಲ.

ಇವತ್ತು ಸಮಿತಿಯ ತೀರ್ಮಾನ ಬಂತು. ರಾತ್ರಿ ಪಾಳಿ ಮತ್ತೆ ಶುರು. ಸ್ಯಾಂಪಲ್ಲು ಫ್ರಿಜ್ಜಿಗೆ ಹೋಗಕೂಡದು. ಹಳೆಯ ರೋಗಿಗಳ ವಿಷಯ "ಮುಂದೆ ಪರಿಗಣಿಸಲಾಗುವುದು". ಸಾಹೇಬರ ಹೆಸರು ಎಲ್ಲಿಯೂ ಇಲ್ಲ, ಅಭಿನಂದನೆಯ ಸಾಲೊಂದನ್ನು ಬಿಟ್ಟು. ತೊಂದರೆಯನ್ನು ಸಕಾಲದಲ್ಲಿ ಪತ್ತೆಹಚ್ಚಿದ ಲ್ಯಾಬಿನ ಮುಖ್ಯಸ್ಥರಿಗೆ ಮೆಚ್ಚುಗೆಯಂತೆ.

ಕೊನೆಯಲ್ಲಿ: ಸ್ಯಾಂಪಲ್ಲನ್ನು ತಪ್ಪಾಗಿ ಇಟ್ಟದ್ದಕ್ಕೂ ಡಾಕ್ಟರ ಆಜ್ಞೆ ಮೀರಿದ್ದಕ್ಕೂ ಹಿರಿಯ ನರ್ಸನ್ನು ಕೆಲಸದಿಂದ ತೆಗೆಯಲು ಶಿಫಾರಸು. ಮುಂದಿನ ಬುಧವಾರ ಕೊನೆಯ ಹಿಯರಿಂಗ್.

ಎಮ್ಮೆಗೆ ಜ್ವರ, ಎತ್ತಿಗೆ ಬರೆ. ಆ ಬರೆಯನ್ನು ಕಾಯಿಸಿಕೊಟ್ಟದ್ದು ನನ್ನ ವರದಿ. ಬರೆದದ್ದು ಪೂರ್ತಿ, ಅವರು ಓದಿದ್ದು ಲೋಟದ ಸಾಲು ಒಂದೇ.

ಸಿಸ್ಟರಿಗೆ ಫೋನ್ ಮಾಡಿದೆ. ಎತ್ತಿದರು. ಶಿಫಾರಸು ಓದಿ ಹೇಳಿದೆ. "ಫ್ರಿಜ್ಜಿಗೆ ಇಡೋದು ನಿಂತಿತಾ?" ಎಂದು ಕೇಳಿದರು. ನಿಂತಿತು ಅಂದೆ. "ಸರಿ" ಎಂದು ಇಟ್ಟರು.

ಸರಿಯಂತೆ! ಏನು ಸರಿ?

ಏಪ್ರಿಲ್ 5, ಶನಿವಾರ

ಇಡೀ ದಿನ ಲ್ಯಾಬಿನ ನಿಯಮಗಳನ್ನು ಓದಿದೆ. ಎಲ್ಲರ ಬೆಂಚಿನ ಮುಂದೆಯೂ ನೇತಾಡುವ, ಯಾರೂ ಓದದ ನಿಯಮಗಳು. ತಪ್ಪಾಗಿ ಇಟ್ಟ ಸ್ಯಾಂಪಲ್ ಬಂದರೆ ಲ್ಯಾಬು ಅದನ್ನು ಸ್ವೀಕರಿಸಕೂಡದು, ವಾಪಸ್ ಕಳಿಸಬೇಕು. ಸ್ವೀಕರಿಸಿದರೆ ಹೊಣೆ ಸ್ವೀಕರಿಸಿದವರದು. ಅಂದು ಬೆಳಗ್ಗೆ ಆರನೇ ಹಾಸಿಗೆಯ ಟ್ಯೂಬನ್ನು ಸ್ವೀಕರಿಸಿದ ಕೈ ಯಾರದು? 6.1 ಎಂದು ಮೇಲಕ್ಕೆ ಕೂಗಿದ ದನಿ ಯಾರದು?

ಇದನ್ನೇ ಸಮಿತಿಯ ಮುಂದೆ ಹೇಳುತ್ತೇನೆಂದು ಇವರಿಗೆ ತಿಳಿಸಿದೆ. ಪೇಪರು ಪಕ್ಕಕ್ಕಿಟ್ಟರು. "ನಿನ್ನ ಕೆಲಸಾನೂ ಹೋದ್ರೆ?"

"ಹೋದ್ರೆ ಪಾತ್ರೆ ಮೆತ್ತಗೆ ತೊಳೀತೀನಿ."

ನಗಲಿಲ್ಲ. ಕೈ ಹಿಡಿದುಕೊಂಡರು.

ಏಪ್ರಿಲ್ 9, ಬುಧವಾರ. ಬೆಳಗ್ಗೆ 11.10

ಸಮಿತಿಯ ಕೋಣೆಯ ಹೊರಗೆ, ಬೆಂಚಿನ ಮೇಲೆ. ಪಕ್ಕದಲ್ಲಿ ದೊಡ್ಡ ಸಿಸ್ಟರ್. ಯೂನಿಫಾರ್ಮಿನಲ್ಲೇ ಬಂದಿದ್ದಾರೆ. ಹಾಕಿಕೊಳ್ಳಬಾರದು ಎಂದು ಗೇಟಿನಲ್ಲಿ ಹೇಳಿದರಂತೆ. "ತೆಗೀರಿ ನೋಡೋಣ" ಅಂದರಂತೆ ಸಿಸ್ಟರ್. ಬಿಟ್ಟರಂತೆ.

"ಏನು ಬರೀತಿದೀರಿ ಅಷ್ಟೊಂದು?"

"ಒಳಗೆ ಹೇಳಬೇಕಾದ್ದು. ಸಿಟ್ಟಲ್ಲಿ ಮರೆತುಹೋಗುತ್ತೆ."

"ಸಿಟ್ಟಲ್ಲೇ ಹೇಳಿ. ಸಮಾಧಾನದಲ್ಲಿ ಬರೆದದ್ದನ್ನ ಅವರು ಹೇಗೆ ಓದಿದ್ರು ಅಂತ ನೋಡಿದ್ವಲ್ಲ."

ಒಳಗಿನಿಂದ ದಶಾಂಶ ಸಾಹೇಬರ ದನಿ ಕೇಳುತ್ತಿದೆ. ಏನೋ ಶೇಕಡಾ ಹೇಳುತ್ತಿದ್ದಾರೆ. ಸಾಕ್ಷಿಗಳ ಪಟ್ಟಿಯಲ್ಲಿ ನಾನಿಲ್ಲ. ಕರೆಯುವುದಿಲ್ಲ. ಬಾಗಿಲಿಗೆ ಚಿಲಕವೂ ಇಲ್ಲ, ತಳ್ಳಿ ಒಳಗೆ ಹೋಗುತ್ತೇನೆ.

ಇಷ್ಟು ಹೇಳಿದರೆ ಸಾಕು: ಸಿಸ್ಟರ್ ಆ ಟ್ಯೂಬನ್ನು ತಣ್ಣಗಿಟ್ಟರು. ನಾನು ಅದನ್ನು ತಣ್ಣಗೇ ತೆಗೆದುಕೊಂಡೆ, ಅಳೆದೆ, ನಂಬಿದೆ. ಅವರನ್ನು ಮನೆಗೆ ಕಳಿಸುವುದಾದರೆ ಸರ್, ಮೊದಲು ನನ್ನನ್ನು ಕಳಿಸಿ.